ಸೋರಿದ ಗ್ಯಾಸ್ ಮನೆಯೊಳಗೆ ಯಾವ ದಾರಿ ಹಿಡಿಯುತ್ತದೆ?

ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡಬೇಕು ಅಂತ ಯಾರನ್ನಾದರೂ ಕೇಳಿ. ‘ಕಿಟಕಿ ತೆಗೀಬೇಕು’ ಅನ್ನುತ್ತಾರೆ. ತಪ್ಪೇನಲ್ಲ. ಆದರೆ ನಿಮ್ಮ ಮನೆಯಲ್ಲಿ ಸಿಲಿಂಡರ್ ಇದ್ದರೆ ಕಿಟಕಿಗಿಂತ ಬಾಗಿಲು ಜಾಸ್ತಿ ಕೆಲಸಕ್ಕೆ ಬರುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಇದ್ದರೆ ಕಿಟಕಿಗಿಂತ ಮೇಲಿರುವ ವೆಂಟಿಲೇಟರ್ ಬೇಕು. ಎರಡನ್ನೂ ನಾವು ‘ಗ್ಯಾಸ್’ ಅಂತಲೇ ಕರೆಯುತ್ತೇವೆ. ಒಲೆಯ ಮೇಲೆ ಎರಡೂ ನೀಲಿಯಾಗಿಯೇ ಉರಿಯುತ್ತವೆ. ಸೋರಿದಾಗ ಮಾತ್ರ ಒಂದು ಕೆಳಗೆ ಇಳಿಯುತ್ತದೆ, ಇನ್ನೊಂದು ಮೇಲೆ ಏರುತ್ತದೆ. ಮನೆಮಂದಿಗೆ ಗ್ಯಾಸ್ ಬಗ್ಗೆ ಒಂದೇ ಸಂಗತಿ ಹೇಳಿಕೊಡುವುದಿದ್ದರೆ ನಾನು ಇದನ್ನೇ ಹೇಳಿಕೊಡುತ್ತೇನೆ. ಉಳಿದ ಎಚ್ಚರಿಕೆಗಳಲ್ಲಿ ಬಹಳಷ್ಟು ಇದರಿಂದಲೇ ಹುಟ್ಟುತ್ತವೆ.

ಕಾರಣ ತೂಕ. ಸಿಲಿಂಡರ್‌ನಲ್ಲಿ ಇರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ಅನಿಲ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಪೈಪಿನಲ್ಲಿ ಬರುವ ಅನಿಲ ಬಹುಪಾಲು ಮಿಥೇನ್. ಅದರ ತೂಕ ಗಾಳಿಯ ಅರ್ಧಕ್ಕಿಂತ ತುಸು ಜಾಸ್ತಿ, ಅಷ್ಟೇ.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇದ್ದ ಮನೆಗಳ ಹಿರಿಯರಿಗೆ ಭಾರದ ಗಾಳಿ ಹೊಸ ವಿಷಯವಲ್ಲ. ಜೋಳ ತುಂಬಿಟ್ಟ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಕಾದು, ಆಮೇಲೆ ಇಳಿಯುತ್ತಿದ್ದರು. ತಗ್ಗಿನಲ್ಲಿ ಕೂತ ಕೆಟ್ಟ ಗಾಳಿ ತಾನಾಗಿ ಎದ್ದು ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಸೋರಿದ ಸಿಲಿಂಡರ್ ಗ್ಯಾಸ್ ಕೂಡ ಹಾಗೆಯೇ ತಗ್ಗು ಹುಡುಕಿಕೊಂಡು ಹೋಗಿ ಅಲ್ಲೇ ಕೂರುತ್ತದೆ. ಮನೆಯ ಅಜ್ಜಿಗೆ ಇದನ್ನು ಹಗೇವಿನ ಮಾತಿನಿಂದಲೇ ಶುರುಮಾಡಿ ಹೇಳಿ. ಬೇಗ ಅರ್ಥವಾಗುತ್ತದೆ.

ಮನೆ ಕಟ್ಟಿದ್ದು ಹೊಗೆಗೆ, ಒಲೆ ಬಂದದ್ದು ಗ್ಯಾಸಿನದು

ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿ. ಅಡುಗೆಮನೆ ಒಳಗಡೆ ಇರುತ್ತದೆ. ಗೋಡೆ ದಪ್ಪ, ಕಿಟಕಿ ಚಿಕ್ಕದು, ಕೆಲವು ಕಡೆ ಇಲ್ಲವೇ ಇಲ್ಲ. ಬಿಸಿಲು ಒಳಗೆ ಬರಬಾರದು ಅಂತ ಹಾಗೆ ಕಟ್ಟಿದ್ದಾರೆ. ಕಟ್ಟಿಗೆ ಒಲೆಯ ಹೊಗೆ ಹೋಗಲಿ ಅಂತ ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟಿದ್ದಾರೆ. ಹೊಗೆ ಬಿಸಿ, ಮೇಲೆ ಏರುತ್ತದೆ, ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಬಹಳ ಬುದ್ಧಿವಂತಿಕೆಯ ಕೆಲಸ ಅದು.

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಕಟ್ಟಿಗೆ ಒಲೆಯ ಮುಂದೆ ಕಣ್ಣುರಿಸಿಕೊಳ್ಳುತ್ತಿದ್ದ ಎಷ್ಟೋ ಹೆಣ್ಣುಮಕ್ಕಳ ಮನೆಗೆ ಸಿಲಿಂಡರ್ ಬಂತು. ಅದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಒಲೆ ಬದಲಾದರೂ ಮನೆ ಬದಲಾಗಲಿಲ್ಲ. ಮೇಲಿನ ಬೆಳಕಿಂಡಿಯಿಂದ ಭಾರದ ಎಲ್‌ಪಿಜಿ ಹೊರಗೆ ಹೋಗುವುದಿಲ್ಲ. ಅದು ಹೋಗಬೇಕಾದದ್ದು ಬಾಗಿಲಿನ ಬುಡದಿಂದ. ಅಲ್ಲಿ ಎತ್ತರದ ಹೊಸ್ತಿಲು ಅಡ್ಡ ಇರುತ್ತದೆ. ಹೊಸ್ತಿಲಿನ ಎತ್ತರದವರೆಗೆ ಗ್ಯಾಸ್ ಕೋಣೆಯೊಳಗೇ ನಿಲ್ಲುತ್ತದೆ.

ಹೊಸ್ತಿಲು ಇಲ್ಲದ ಕಡೆ ಬೇರೆ ತೊಂದರೆ. ಗ್ಯಾಸ್ ನೆಲದ ಮೇಲೆಯೇ ಪಕ್ಕದ ಕೋಣೆಗೆ ಸರಿಯುತ್ತದೆ. ಪಕ್ಕದಲ್ಲಿ ಬಚ್ಚಲು, ಬಚ್ಚಲಿನಲ್ಲಿ ನೀರು ಕಾಯಿಸುವ ಹಂಡೆ ಒಲೆ, ಅದೂ ನೆಲದ ಮಟ್ಟದಲ್ಲೇ. ಅಡುಗೆಮನೆಯಲ್ಲಿ ಸೋರಿದ ಗ್ಯಾಸ್ ಅಲ್ಲಿಯ ಕೆಂಡಕ್ಕೆ ತಾಗಿದರೆ ಬೆಂಕಿ ಹೊತ್ತುವುದು ಬಚ್ಚಲಿನಲ್ಲಿ, ಓಡಿ ಬರುವುದು ಸಿಲಿಂಡರ್ ಕಡೆಗೆ. ದೇವರ ಮುಂದೆ ನೆಲದ ಮೇಲಿಟ್ಟ ದೀಪಕ್ಕೂ ಇದೇ ಮಾತು. ಅಡುಗೆಮನೆಯಲ್ಲೇ ದೇವರ ಜಗಲಿ ಇದ್ದರೆ ದೀಪವನ್ನು ಸಿಲಿಂಡರ್‌ನಿಂದ ದೂರ, ಎತ್ತರದಲ್ಲಿ ಇಡಿ. ಹೊಸ ಮನೆಗಳಲ್ಲಿ ಚರಂಡಿಯ ಜಾಲರಿ, ಅಂಗಳದ ಸಂಪು, ನೆಲಮಾಳಿಗೆ, ಇವು ಗ್ಯಾಸ್ ಕೂರುವ ತಗ್ಗುಗಳು. ಅದಕ್ಕೇ ಸಿಲಿಂಡರನ್ನು ನೆಲಮಾಳಿಗೆಯಲ್ಲಿ ಇಡಬಾರದು ಅನ್ನುವುದು. ಕಟ್ಟೆಯ ಕೆಳಗೆ ಬಾಗಿಲು ಹಾಕಿದ ಕಪಾಟಿನಲ್ಲಿ ಇಟ್ಟಿದ್ದರೆ ಆ ಬಾಗಿಲಿನ ಬುಡದಲ್ಲಿ ತೂತುಗಳು ಇರಲೇಬೇಕು. ಮೇಲೆ ಕೊರೆದ ತೂತು ಉಪಯೋಗವಿಲ್ಲ.

ಎಷ್ಟು ಗ್ಯಾಸ್ ಸೋರಿದರೆ ಅಪಾಯ? ಒಂದು ಲೆಕ್ಕ ಹಾಕಿ ನೋಡೋಣ. ಎಲ್‌ಪಿಜಿ ಹೊತ್ತಿಕೊಳ್ಳಲು ಗಾಳಿಯಲ್ಲಿ ಅದು ಸುಮಾರು ಶೇ. 2ರಿಂದ 9ರಷ್ಟು ಬೆರೆತಿರಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಅಡುಗೆಮನೆ ಅಂದುಕೊಳ್ಳಿ. ಅದರ ತುಂಬ ಗ್ಯಾಸ್ ಸಮನಾಗಿ ಹರಡಿದರೆ ಆ ಮಟ್ಟ ಮುಟ್ಟಲು ಒಂದು ಕೆ.ಜಿ.ಗಿಂತ ತುಸು ಜಾಸ್ತಿ ಬೇಕು. ಆದರೆ ಅದು ಸಮನಾಗಿ ಹರಡುವುದಿಲ್ಲವಲ್ಲ, ಕೆಳಗೇ ಕೂರುತ್ತದೆ. ಮೊಣಕಾಲು ಮಟ್ಟದವರೆಗೆ ಮಾತ್ರ ಲೆಕ್ಕ ಹಿಡಿದರೆ 200 ಗ್ರಾಂ ಸಾಕು. ಸಿಲಿಂಡರ್‌ನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಹಾಲು ಉಕ್ಕಿ ಆರಿಹೋದ ದೊಡ್ಡ ಬರ್ನರ್ ಪೂರ್ತಿ ತೆರೆದೇ ಇದ್ದರೆ ಒಂದೆರಡು ತಾಸಿನಲ್ಲಿ ಆ 200 ಗ್ರಾಂ ಗ್ಯಾಸ್ ಹೊರಗೆ ಬರುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಾಲಿಟ್ಟು ಪಕ್ಕದ ಮನೆಗೆ ಹೋಗಬೇಡಿ ಅಂತ ಅವ್ವ ಯಾಕೆ ಬೈಯುತ್ತಾಳೆ ಅಂತ ತಿಳಿಯಲಿ ಅಂತ.

ವಾಸನೆ ಬಂದಾಗ

ಎಲ್‌ಪಿಜಿಗೂ ಮಿಥೇನ್‌ಗೂ ತಮ್ಮದೇ ಅಂತ ಗಾಢ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಕೊಳೆತ ಕೋಸಿನಂಥ ವಾಸನೆಯ ಮರ್ಕಾಪ್ಟಾನ್ ಎಂಬ ವಸ್ತುವನ್ನು ಬೆರೆಸುತ್ತಾರೆ. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ ಇದ್ದಾಗಲೇ ವಾಸನೆ ತಿಳಿಯುವಷ್ಟು ಬೆರೆಸಿರುತ್ತಾರೆ. ಹಾಗಾಗಿ ವಾಸನೆ ಬಂದ ಕೂಡಲೇ ಗಾಬರಿಯಿಂದ ಓಡಾಡಬೇಕಿಲ್ಲ. ತಡವೂ ಮಾಡಬಾರದು.

ಮೂಗಿನ ಬಗ್ಗೆ ಒಂದು ಮಾತು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದಕ್ಕೆ ಹೊಂದಿಕೊಂಡು ಬಿಡುತ್ತದೆ. ವಯಸ್ಸಾದವರಿಗೆ, ನೆಗಡಿ ಆದವರಿಗೆ ವಾಸನೆ ತಿಳಿಯುವುದೇ ಕಡಿಮೆ. ಹೊರಗಿನಿಂದ ಬಂದ ಮಗು ‘ಅವ್ವಾ, ಗ್ಯಾಸ್ ವಾಸ್ನಿ ಬರಾಕತ್ತೈತಿ’ ಅಂದರೆ, ‘ನಮಗ್ಯಾರಿಗೂ ಬರವಲ್ದು, ಸುಮ್ನಿರು’ ಅನ್ನಬೇಡಿ. ಒಳಗಿದ್ದವರಿಗಿಂತ ಹೊರಗಿನಿಂದ ಬಂದವರ ಮೂಗನ್ನೇ ನಂಬಬೇಕು.

ಇನ್ನು ಸ್ವಿಚ್ಚು. ‘ಲೈಟ್ ಹಾಕಬೇಡಿ’ ಅನ್ನುವುದು ಎಲ್ಲರಿಗೂ ಗೊತ್ತು. ‘ಉರಿಯುತ್ತಿರುವ ಲೈಟ್ ಆರಿಸಲೂಬೇಡಿ’ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸ್ವಿಚ್ ಒಳಗಿನ ಲೋಹದ ತುದಿಗಳು ಕೂಡುವಾಗಲೂ ಬಿಡುವಾಗಲೂ ಸಣ್ಣ ಕಿಡಿ ಹಾರುತ್ತದೆ. ಬಿಡುವಾಗ ಹಾರುವ ಕಿಡಿ ಕಡಿಮೆಯದೇನಲ್ಲ. ಉರಿಯುತ್ತಿದ್ದರೆ ಉರಿಯಲಿ, ಆರಿದ್ದರೆ ಆರಿರಲಿ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಹೊರಗೆ ಕಳಿಸೋಣ ಅನ್ನುವ ಆಲೋಚನೆ ಸಹಜ. ಅದೂ ಬೇಡ. ಫ್ಯಾನ್ ಇರುವುದು ಮೇಲೆ, ಗ್ಯಾಸ್ ಕೆಳಗೆ. ಜೊತೆಗೆ ಸ್ವಿಚ್ಚಿನ ಕಿಡಿ, ಮೋಟಾರಿನ ಕಿಡಿ.

ಫ್ರಿಜ್ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಅದು ಯಾರೂ ಮುಟ್ಟದೆಯೇ ತಾನಾಗಿ ಆನ್ ಆಗುತ್ತದೆ, ಆಫ್ ಆಗುತ್ತದೆ. ಅದರ ಕಂಪ್ರೆಸರ್ ಇರುವುದು ಹಿಂಭಾಗದ ಬುಡದಲ್ಲಿ, ಸೋರಿದ ಎಲ್‌ಪಿಜಿ ಕೂರುವ ಜಾಗದಲ್ಲೇ. ಅಡುಗೆಮನೆಯಲ್ಲಿ ಸಿಲಿಂಡರ್ ಪಕ್ಕ ಫ್ರಿಜ್ ಇಡಬೇಡಿ ಅನ್ನುವುದಕ್ಕೆ ಇದೇ ಕಾರಣ. ಪಡಸಾಲೆಯಲ್ಲಿ ಇಡಿ.

ಬೇಸಿಗೆಯಲ್ಲಿ ನಮ್ಮ ಕಡೆ ಒಂದು ವಿಶೇಷ ಸಂದರ್ಭ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಾರೆ. ಕೆಳಗೆ ಬಾಗಿಲು, ಕಿಟಕಿ ಎಲ್ಲ ಭದ್ರ. ರಾತ್ರಿ ಇಡೀ ಸಣ್ಣಗೆ ಸೋರಿದರೂ ಕೇಳುವವರಿಲ್ಲ. ಬೆಳಗಿನ ಜಾವ ಕತ್ತಲಿರುವಾಗಲೇ ಒಬ್ಬರು ಇಳಿದು ಬರುತ್ತಾರೆ. ಬಾಗಿಲು ತೆಗೆಯುತ್ತಾರೆ. ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಇಲ್ಲಿ ಒಂದು ಅಭ್ಯಾಸ ಬೇಕು: ಬಾಗಿಲು ತೆಗೆದು, ಹೊಸ್ತಿಲ ಹೊರಗೇ ನಿಂತು, ಒಮ್ಮೆ ಮೂಸಿ ನೋಡಿ ಆಮೇಲೆ ಸ್ವಿಚ್ ಮುಟ್ಟುವುದು. ಅದಕ್ಕಿಂತ ಒಳ್ಳೆಯದು, ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡುವುದು. ಒಲೆಯ ನಾಬ್ ಅಲ್ಲ, ರೆಗ್ಯುಲೇಟರ್. ನಾಬ್ ಮಾತ್ರ ಮುಚ್ಚಿದರೆ ಪೈಪಿನ ತುಂಬ ಗ್ಯಾಸ್ ಒತ್ತಡದಲ್ಲಿ ನಿಂತೇ ಇರುತ್ತದೆ. ಪೈಪಿನಲ್ಲಿ ಬಿರುಕು ಇದ್ದರೆ ಅಲ್ಲಿಂದ ಸೋರುತ್ತದೆ.

ವಾಸನೆ ಬಂದರೆ ಕ್ರಮ ಹೀಗೆ. ಉರಿಯುತ್ತಿರುವ ಒಲೆ, ಎಣ್ಣೆ ದೀಪ, ಊದಿನಕಡ್ಡಿ ಆರಿಸಿ. ನಾಬ್ ಮುಚ್ಚಿ, ರೆಗ್ಯುಲೇಟರ್ ಆಫ್ ಮಾಡಿ. ಬಾಗಿಲುಗಳನ್ನು ಪೂರ್ತಿ ತೆಗೆಯಿರಿ, ಆಮೇಲೆ ಕಿಟಕಿ. ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೊರಗೆ ಬನ್ನಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಎಲ್‌ಪಿಜಿ ಸೋರಿಕೆಗೆ 1906, ಹಗಲು ರಾತ್ರಿ ಸಿಗುತ್ತದೆ. ಬೆಂಕಿ ಬಿದ್ದರೆ 101 ಅಥವಾ 112. ನೆಲದ ಮೇಲೆ ಬಿಳಿ ಮಂಜಿನಂತೆ ಗ್ಯಾಸ್ ಹರಡುತ್ತಿದ್ದರೆ ಅದರೊಳಗೆ ಕಾಲಿಡಬೇಡಿ, ರೆಗ್ಯುಲೇಟರ್ ಕಡೆಗೂ ಹೋಗಬೇಡಿ. ಸೀದಾ ಹೊರಗೆ ಬನ್ನಿ.

ರೆಗ್ಯುಲೇಟರ್ ತೆಗೆದ ಮೇಲೂ ಸಿಲಿಂಡರ್ ಬಾಯಿಂದ ‘ಸುಯ್’ ಅಂತ ಸದ್ದು ಬರುತ್ತಿದ್ದರೆ ದಾರದಲ್ಲಿ ನೇತಾಡುವ ಪ್ಲಾಸ್ಟಿಕ್ ಮುಚ್ಚಳ ನೆನಪಿರಲಿ. ಅದು ಸಾಗಾಟದ ಹೊತ್ತಿಗೆ ಧೂಳು ಬೀಳದಿರಲಿ ಅಂತ ಮಾತ್ರ ಕೊಟ್ಟದ್ದಲ್ಲ. ವಾಲ್ವ್ ಮೇಲಿಟ್ಟು ಗಟ್ಟಿಯಾಗಿ ಒತ್ತಿದರೆ ಸೋರಿಕೆ ನಿಲ್ಲುತ್ತದೆ. ಆಮೇಲೆ ಸಿಲಿಂಡರನ್ನು ಬಯಲಿಗೆ ಒಯ್ದು ಇಡಬಹುದು. ಎಷ್ಟೋ ಮನೆಗಳಲ್ಲಿ ಹೊಸ ಸಿಲಿಂಡರ್ ಬಂದ ದಿನವೇ ದಾರ ಕತ್ತರಿಸಿ ಮುಚ್ಚಳ ಎಸೆಯುತ್ತಾರೆ. ನನಗೆ ಇದು ನೋಡಿದಾಗಲೆಲ್ಲ ಬೇಸರವಾಗುತ್ತದೆ. ಅಷ್ಟು ಸಣ್ಣ ವಸ್ತು, ಅಷ್ಟು ದೊಡ್ಡ ಉಪಯೋಗ.

ಕಲಿಸುವುದು ಅಂದರೆ ಗೋಡೆಗೆ ಚೀಟಿ ಅಂಟಿಸುವುದಲ್ಲ. ಒಂದು ಭಾನುವಾರ ಮನೆಯ ಪ್ರತಿಯೊಬ್ಬರ ಕೈಯಿಂದ ರೆಗ್ಯುಲೇಟರ್ ಆಫ್ ಮಾಡಿಸಿ. ಅಡುಗೆಮನೆಗೆ ಕಾಲಿಡದ ಗಂಡಸರಿಂದ ಮೊದಲು. ಅಡುಗೆ ಮಾಡುವವಳು ಮನೆಯಲ್ಲಿ ಇಲ್ಲದ ದಿನವೇ ಗ್ಯಾಸ್ ಸೋರಬಹುದು, ಅಲ್ವಾ? ಮುಚ್ಚಳ ಒತ್ತುವುದನ್ನು ಖಾಲಿ ಸಿಲಿಂಡರ್ ಮೇಲೆ ದೊಡ್ಡವರಿಂದ ಮಾಡಿಸಿ. ಚಿಕ್ಕ ಮಕ್ಕಳಿಗೆ ಇಷ್ಟು ಸಾಕು: ವಾಸನೆ ಬಂದರೆ ಏನೂ ಮುಟ್ಟದೆ ಹೊರಗೆ ಓಡು, ದೊಡ್ಡವರನ್ನು ಕೂಗು.

ಪೈಪು, ವಾಷರ್, ಬರ್ನರ್

ಸೋರಿಕೆ ಶುರುವಾಗುವ ಜಾಗಗಳು ಕೆಲವೇ. ರೆಗ್ಯುಲೇಟರ್ ಕೂರುವ ಬಾಯಿ, ರಬ್ಬರ್ ಪೈಪಿನ ಎರಡು ತುದಿ, ಒಲೆಯ ನಾಬ್. ಸಿಲಿಂಡರ್ ಬಾಯಿಯೊಳಗೆ ಒಂದು ಸಣ್ಣ ರಬ್ಬರ್ ವಾಷರ್ ಇರುತ್ತದೆ. ಅದು ಇಲ್ಲದಿದ್ದರೆ ಅಥವಾ ಹರಿದಿದ್ದರೆ ರೆಗ್ಯುಲೇಟರ್ ಹಾಕಿದ ಕೂಡಲೇ ಸೋರುತ್ತದೆ. ಸಿಲಿಂಡರ್ ತಂದವರು ಹೋಗುವ ಮುಂಚೆಯೇ ಇದನ್ನು ಪರೀಕ್ಷಿಸಿ ತೋರಿಸಬೇಕು, ತೂಕವನ್ನೂ ತೋರಿಸಬೇಕು. ಅದು ನಿಮ್ಮ ಹಕ್ಕು. ‘ಅವರಿಗೆ ಅವಸರ ಪಾಪ’ ಅಂತ ಬಿಡಬೇಡಿ.

ಸಿಲಿಂಡರಿನ ಮೇಲಿನ ಪಟ್ಟಿಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತಾರೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಅಂದರೆ ಸೆಪ್ಟೆಂಬರ್‌ವರೆಗೆ, ಡಿ ಅಂದರೆ ಡಿಸೆಂಬರ್‌ವರೆಗೆ. ಅಂಕಿ ವರ್ಷದ್ದು. ಬಿ-28 ಅಂತ ಇದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಒತ್ತಡದ ಪರೀಕ್ಷೆಗೆ ಕಳಿಸಬೇಕು. ಅವಧಿ ದಾಟಿದ್ದರೆ ತೆಗೆದುಕೊಳ್ಳಬೇಡಿ. ಬಳ್ಳಾರಿ ಬಿಸಿಲಿಗೆ ಸಿಲಿಂಡರ್ ಸಿಡಿಯುತ್ತದೆ ಅಂತ ಕೆಲವರಿಗೆ ಭಯ. ಒಳಗಿನ ಒತ್ತಡ ಬೇಸಿಗೆಯಲ್ಲಿ ಏರುತ್ತದೆ ನಿಜ. ಆದರೆ ಆ ಪರೀಕ್ಷೆಯಲ್ಲಿ ಅದಕ್ಕಿಂತ ಬಹಳ ಜಾಸ್ತಿ ಒತ್ತಡ ಕೊಟ್ಟು ನೋಡಿರುತ್ತಾರೆ. ನೇರ ಬಿಸಿಲಿನಲ್ಲಿ ಇಡದಿದ್ದರೆ ಆಯಿತು.

ಪೈಪ್ ಐಎಸ್‌ಐ ಗುರುತಿನದ್ದೇ ಇರಲಿ. ಏಜೆನ್ಸಿಯಲ್ಲಿ ಸಿಗುವ, ಒಳಗೆ ತಂತಿ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಇಲಿ ಕಡಿದ, ಬಿರುಕು ಬಿಟ್ಟ ಪೈಪಿಗೆ ಟೇಪ್ ಸುತ್ತುವುದು ಬೇಡವೇ ಬೇಡ. ಎಲ್ಲಿ ಸೋರುತ್ತಿದೆ ಅಂತ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ಸೋರಿಕೆ. ಬೆಂಕಿಕಡ್ಡಿ ಹಿಡಿದು ನೋಡುವ ಪದ್ಧತಿ ಇನ್ನೂ ಇದೆ. ಅದನ್ನು ಯಾರೇ ಮಾಡಿದರೂ, ಎಷ್ಟೇ ಅನುಭವಸ್ಥರಾದರೂ, ತಡೆಯಿರಿ.

ಸಿಲಿಂಡರ್ ನಿಂತೇ ಇರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿ ಇರಬೇಕು. ಕೊನೆಯ ಗ್ಯಾಸ್ ಬರಲಿ ಅಂತ ಸಿಲಿಂಡರ್ ಮಲಗಿಸುತ್ತಾರೆ. ಒಳಗಿರುವುದು ದ್ರವ. ಅದು ಅನಿಲವಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಮಲಗಿಸಿದಾಗ ದ್ರವವೇ ಪೈಪಿಗೆ ನುಗ್ಗಿದರೆ ಒಲೆಯ ಉರಿ ಆಳೆತ್ತರ ಏಳಬಹುದು.

ರೊಟ್ಟಿ ಬಡಿಯುವ ಮನೆಗಳಿಗೆ ಬೇರೆಯೇ ಒಂದು ಮಾತಿದೆ. ಜೋಳದ ಹಿಟ್ಟು ಹಾರಿ ಬರ್ನರ್ ತೂತುಗಳಲ್ಲಿ ಕೂರುತ್ತದೆ. ಗಾಳಿ ಸರಿಯಾಗಿ ಬೆರೆಯದೆ ಉರಿ ನೀಲಿ ಹೋಗಿ ಹಳದಿಯಾಗುತ್ತದೆ, ಹೆಂಚಿನ ಬುಡಕ್ಕೆ ಮಸಿ ಹಿಡಿಯುತ್ತದೆ. ಮಸಿ ಕಂಡರೆ ಬರ್ನರ್ ತೆಗೆದು ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನ ಮನೆಗಳಲ್ಲಿ ರೊಟ್ಟಿ ಮಾಡುವ ದಿನಗಳಲ್ಲಿ ಒಲೆ ತಾಸುಗಟ್ಟಲೆ ಉರಿಯುತ್ತದೆ. ದೊಡ್ಡ ಹೆಂಚು ಬೆಂಕಿಯ ಬಿಸಿಯನ್ನು ಕೆಳಕ್ಕೆ ತಳ್ಳಿ ನಾಬ್‌ಗಳನ್ನೂ ಪೈಪಿನ ತುದಿಯನ್ನೂ ಕಾಯಿಸುತ್ತದೆ. ನಡುನಡುವೆ ಆರಿಸಿ, ತಣಿಯಲು ಬಿಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸುಟ್ಟರೆ ತಣ್ಣೀರಿನ ಧಾರೆ 20 ನಿಮಿಷ, ಪೇಸ್ಟ್ ಬೇಡ, ಇಂಕು ಬೇಡ.

ವಾಸನೆಯೇ ಇಲ್ಲದ ಗ್ಯಾಸ್

ಬಚ್ಚಲುಮನೆಯ ಗ್ಯಾಸ್ ಗೀಸರ್ ವಿಷಯದಲ್ಲಿ ಸೋರಿಕೆಗಿಂತ ದೊಡ್ಡ ಭಯ ಬೇರೆ ಇದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಅಲ್ಲಿಯ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವರು ಮನೆಯಲ್ಲಿದ್ದರೆ ಅವರನ್ನು ಕೇಳಿ. ಊದುಕುಲುಮೆಯ ಅನಿಲದಲ್ಲಿ ಇರುವುದೂ ಇದೇ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆ ಸುತ್ತು, ವಾಂತಿ ಬಂದ ಹಾಗೆ ಆಗುವುದು, ಆಮೇಲೆ ಕಾಲು ಸೋತು ಬೀಳುವುದು. ಬಿದ್ದವರಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ.

ಇದರ ತೂಕ ಹೆಚ್ಚೂಕಡಿಮೆ ಗಾಳಿಯಷ್ಟೇ. ಹಾಗಾಗಿ ಮೇಲೂ ಹೋಗದೆ ಕೆಳಗೂ ಇಳಿಯದೆ ಕೋಣೆಯ ತುಂಬ ಬೆರೆತು ನಿಲ್ಲುತ್ತದೆ. ಒಂದು ಸಣ್ಣ ಕಿಂಡಿ ತೆರೆದಿಟ್ಟರೆ ಸಾಕು ಅನ್ನುವ ಧೈರ್ಯ ಬೇಡ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಒಳಗೇ ಇದ್ದರೆ, ಅದನ್ನು ಹೊರಗೆ ಹಾಕಿಸುವವರೆಗೆ, ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಚಳಿಗಾಲದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗ ಕೊನೆಯವರಿಗೆ ಅಪಾಯ ಜಾಸ್ತಿ.

ಪೈಪಿನ ಗ್ಯಾಸ್ ಬಂದರೆ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ಪೈಪಿನ ಮೂಲಕ ಮನೆಗೆ ಅನಿಲ ಕೊಡುವ ಯೋಜನೆಯಲ್ಲಿವೆ. ಇದರಲ್ಲಿ ಮನೆಯೊಳಗೆ ದಾಸ್ತಾನು ಇರುವುದಿಲ್ಲ, ಅದು ದೊಡ್ಡ ಅನುಕೂಲ. ಮಿಥೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಇರಬೇಕು. ಎಲ್‌ಪಿಜಿಗಿಂತ ಜಾಸ್ತಿ ಬೇಕು, ಜೊತೆಗೆ ಹಗುರ, ಬೇಗ ಹೊರಗೆ ಹೋಗುತ್ತದೆ. ದಾರಿ ಇದ್ದರೆ ಮಾತ್ರ. ಆ ದಾರಿ ಛಾವಣಿಯ ಹತ್ತಿರದ ವೆಂಟಿಲೇಟರ್. ಗಣಿಯ ಕೆಂಪು ಧೂಳು ಬರುತ್ತದೆ, ಪಾರಿವಾಳ ನುಗ್ಗುತ್ತದೆ ಅಂತ ಬಳ್ಳಾರಿ, ಸಂಡೂರಿನ ಮನೆಗಳಲ್ಲಿ ಅದಕ್ಕೆ ರಟ್ಟು ತುರುಕಿರುತ್ತಾರೆ. ರಟ್ಟು ತೆಗೆದು ಜಾಲರಿ ಹಾಕಿ. ಹಳೆಯ ಮಾಳಿಗೆ ಮನೆಯ ಬೆಳಕಿಂಡಿ ಈ ಗ್ಯಾಸ್‌ಗೆ ಸರಿಯಾಗಿ ಹೊಂದುತ್ತದೆ. ಅದನ್ನು ಸಿಮೆಂಟ್ ಹಾಕಿ ಮುಚ್ಚಬೇಡಿ.

ಗ್ಯಾಸ್ ಅಲಾರಂ ಹಾಕಿಸುವವರು ಇದೇ ಲೆಕ್ಕ ನೆನಪಿಡಬೇಕು. ಸಿಲಿಂಡರ್ ಇದ್ದರೆ ಅಲಾರಂ ನೆಲದಿಂದ ಒಂದಡಿ ಎತ್ತರದಲ್ಲಿ, ಪೈಪ್ ಗ್ಯಾಸ್ ಇದ್ದರೆ ಛಾವಣಿಯಿಂದ ಒಂದಡಿ ಕೆಳಗೆ. ಅದಲುಬದಲಾದರೆ ದುಡ್ಡು ಕೊಟ್ಟೂ ಪ್ರಯೋಜನ ಕಡಿಮೆ.

ಒಲೆಯ ಹತ್ತಿರ ಗೋಡೆಯ ಪೈಪಿನಲ್ಲಿ ಒಂದು ವಾಲ್ವ್ ಇರುತ್ತದೆ, ಮೀಟರ್ ಹತ್ತಿರ ಇನ್ನೊಂದು. ರಾತ್ರಿ ಮುಚ್ಚುವುದು ಒಲೆಯ ಹತ್ತಿರದ್ದನ್ನು, ಊರಿಗೆ ಹೋಗುವಾಗ ಎರಡನ್ನೂ. ಮೀಟರ್ ಹತ್ತಿರದ್ದು ಎಲ್ಲಿದೆ ಅಂತ ಬಾಡಿಗೆಯವರಿಗೂ ತೋರಿಸಿ. ಆ ಪೈಪಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಬೇಡಿ, ಅದು ಹೋದ ಗೋಡೆಗೆ ಡ್ರಿಲ್ ಹಾಕಬೇಡಿ. ಸೋರಿದರೆ ಕರೆ ಮಾಡಬೇಕಾದ ಪೈಪ್ ಕಂಪನಿಯ ತುರ್ತು ನಂಬರನ್ನು ಎಲ್ಲರ ಫೋನಿನಲ್ಲೂ ಹಾಕಿಡಿ.

ಕೊನೆಯದಾಗಿ ಒಲೆಯ ಜೆಟ್, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗ. ಮಿಥೇನ್‌ನಲ್ಲಿ ಅಷ್ಟೇ ಗಾತ್ರದ ಎಲ್‌ಪಿಜಿ ಅನಿಲಕ್ಕಿಂತ ಶಾಖ ಕಡಿಮೆ. ಹಾಗಾಗಿ ಪೈಪ್ ಗ್ಯಾಸ್ ಹಾಕುವವರು ಒಲೆಯ ಜೆಟ್ ಬದಲಿಸಿ ತೂತು ದೊಡ್ಡದು ಮಾಡುತ್ತಾರೆ. ಆ ಒಲೆಯನ್ನು ಮತ್ತೆ ಸಿಲಿಂಡರ್‌ಗೆ ಜೋಡಿಸಿದರೆ ದೊಡ್ಡ ತೂತಿನಿಂದ ಎಲ್‌ಪಿಜಿ ರಭಸವಾಗಿ ನುಗ್ಗಿ ಉರಿ ಕೈಗೆ, ಮುಖಕ್ಕೆ ಹಾರುತ್ತದೆ. ಊರು ಬದಲಿಸುವಾಗ, ಹಳೆ ಒಲೆಯನ್ನು ತಂಗಿಗೋ ಕೆಲಸದವರಿಗೋ ಕೊಡುವಾಗ ಇದು ಪೈಪ್ ಗ್ಯಾಸಿನ ಒಲೆ ಅಂತ ಹೇಳಿಯೇ ಕೊಡಿ. ಮೆಕ್ಯಾನಿಕ್ ಕರೆಸಿ ಸಿಲಿಂಡರಿನ ಜೆಟ್ ಹಾಕಿಸಿದ ಮೇಲೆಯೇ ಅವರು ಅದನ್ನು ಹಚ್ಚಬೇಕು.